ಕಾಯ್ದೆಯ ಮೇಲೊಂದು ಟವೆಲ್

ಇವತ್ತು ಬೆಳಿಗ್ಗೆ ವಾಚನಾಲಯದ ಬೀಗ ತೆಗೆದು, ಕಿಟಕಿ ತೆರೆದು, ಕಸ ಹೊಡೆದು, ಕುಡಿಯುವ ನೀರು ತರಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರಿನ ಮುಂದಿನ ಕುರ್ಚಿಯ ಮೇಲೆ ಒಂದು ಟವೆಲ್ ಬಿದ್ದಿತ್ತು. ಕೆಂಪಂಚಿನ ಬಿಳಿ ಟವೆಲ್. ಸುತ್ತಮುತ್ತ ನರಪಿಳ್ಳೆ ಇಲ್ಲ. ನೋಡಿದ ಕೂಡಲೇ ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು. ಒಂದು ತುಂಡು ಬಟ್ಟೆಗೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಕೇಳಿರಿ. ನನ್ನ ಸ್ಥಿತಿ ನಿಮಗೆ ಬಂದಿದ್ದರೆ ನೀವು ಆ ಟವೆಲ್ಲನ್ನು ಒಲೆಗೆ ಹಾಕುತ್ತಿದ್ದಿರಿ.

ನಮ್ಮ ಕಡೆ ಬಸ್ಸಿನ ಸೀಟಿಗೆ ಟಿಕೀಟು ಎರಡನೆಯ ದಾಖಲೆ. ಮೊದಲನೆಯದು ಟವೆಲ್. ನಾನು ಸಣ್ಣವಳಿದ್ದಾಗ ಅಜ್ಜನ ಜೊತೆ ಹುಕ್ಕೇರಿಯಿಂದ ಗೋಕಾಕಕ್ಕೆ ಬರುವಾಗ ಘಟಪ್ರಭಾದಲ್ಲಿ ಇಳಿದು ಬಸ್ಸು ಬದಲಿಸುತ್ತಿದ್ದೆವು. ಬಸ್ಸು ನಿಲ್ದಾಣದೊಳಗೆ ಇನ್ನೂ ತಿರುಗುತ್ತಿರುವಾಗಲೇ ಅಜ್ಜ ಹೆಗಲ ಮೇಲಿನ ಟವೆಲ್ ಸುರುಳಿ ಸುತ್ತಿ, ಗುರಿಯಿಟ್ಟು ಕಿಟಕಿಯೊಳಗೆ ಒಗೆಯುತ್ತಿದ್ದ. ಅದು ಸೀಟಿನ ಮೇಲೆ ಬಿತ್ತೋ, ಆ ಸೀಟು ಅಜ್ಜನ ಪಿತ್ರಾರ್ಜಿತ ಆಸ್ತಿ. ಆಮೇಲೆ ಅವನಿಗೆ ಅವಸರವಿಲ್ಲ. ಎಲೆ ಅಡಿಕೆ ಮೆಲ್ಲುತ್ತ, ನನ್ನ ಕೈ ಹಿಡಿದುಕೊಂಡು, ದೊಡ್ಡ ಗೌಡರ ಗತ್ತಿನಲ್ಲಿ ಮೆಟ್ಟಿಲು ಹತ್ತುತ್ತಿದ್ದ. ಒಮ್ಮೆ ಮಾತ್ರ ಹತ್ತಿ ನೋಡಿದರೆ ಆ ಸೀಟಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಕೂತುಬಿಟ್ಟಿದ್ದ.

"ಏಳ್ರಿ ಯಜಮಾನ್ರ. ಕಣ್ಣ ಕಾಣೂದಿಲ್ಲೇನು? ಟಾವೆಲ್ ಹಾಕೇನಿ," ಎಂದ ಅಜ್ಜ.

"ಎಲ್ಲೈತ್ರಿ ಟಾವೆಲ್?"

"ನಿಮ್ಮ ಬುಡಕ ಐತಿ."

"ಹೌದೇನ್ರಿ! ಅದಕ್ಕ ಮತ್ತ, ಸೀಟ ಇವತ್ತ ಭಾಳ ಮೆತ್ತಗ ಐತೆಲ್ಲಾ ಅಂತ ಅನ್ಕೊಂಡ್ನಿ."

ಬಸ್ಸೆಲ್ಲ ನಕ್ಕಿತು. ಆ ಮನುಷ್ಯ ಏಳಲಿಲ್ಲ. ಅಜ್ಜ ಗೋಕಾಕದವರೆಗೂ ನಿಂತೇ ಬಂದ. ಇಳಿದ ಮೇಲೆ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ನನಗೆ ಹೇಳಿದ: "ನೋಡ ಸುಮೀ, ಟಾವೆಲ್ ಸೀಟ ಹಿಡೀತೈತಿ, ಖರೆ. ಆದ್ರ ಕುಂತಾವರ ಮುಂದ ಟಾವೆಲ್ಲಿನ ಆಟ ನಡಿಯಂಗಿಲ್ಲ."

ಅಜ್ಜ ಹುಕ್ಕೇರಿಯಲ್ಲಿ ಗುರಸಿದ್ದಪ್ಪ ವಕೀಲರ ಹತ್ತಿರ ಕಾರಕೂನನಾಗಿದ್ದ. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು. ಕಾಯ್ದೆ ಎಂದರೆ ಆಗ ಕಪಾಟಿನೊಳಗಿನ ವಸ್ತು, ಕೈಯಲ್ಲಿ ಹಿಡಿದರೆ ಭಾರವಾಗಿರುತ್ತಿತ್ತು. ಸರಕಾರ ಕಾಯ್ದೆ ತಿದ್ದಿದರೆ ಸಣ್ಣ ಸಣ್ಣ ಚೀಟಿಗಳು ಅಚ್ಚಾಗಿ ಬರುತ್ತಿದ್ದವು. ಹಳೆಯ ಕಲಮಿನ ಮೇಲೆ ಹೊಸ ಚೀಟಿ ಅಂಟಿಸುವುದು ಅಜ್ಜನ ರವಿವಾರದ ಕೆಲಸ. ಅದಕ್ಕೆ ಅವನು "ಕಾಯ್ದೇಕ್ಕ ತ್ಯಾಪಿ ಹಚ್ಚೂದು" ಅನ್ನುತ್ತಿದ್ದ. ಅಂಗಡಿಯ ಗೋಂದು ಅವನಿಗೆ ಆಗಿಬರುತ್ತಿರಲಿಲ್ಲ. ಮೈದಾ ಹಿಟ್ಟು ಕುದಿಸಿ, ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿ, ತಾನೇ ಸರಿ ಎಂಬ ಅಂಟನ್ನು ಕಾಯಿಸುತ್ತಿದ್ದ. ತಿಳಿನೀಲಿ ಬಣ್ಣಕ್ಕೆ ತಿರುಗಿದ ಆ ಸರಿ ಹಿತ್ತಾಳೆ ಬಟ್ಟಲಲ್ಲಿ ಹೊಳೆಯುತ್ತ ಕೂತಿದ್ದರೆ, ಅದು ತಿನ್ನುವ ಪದಾರ್ಥ ಅಲ್ಲ ಎಂದು ಯಾವ ಮಗುವಾದರೂ ಹೇಗೆ ನಂಬಬೇಕು? ನಾನು ನಂಬಲಿಲ್ಲ. ಒಂದು ಬೆರಳು ನೆಕ್ಕಿಬಿಟ್ಟೆ. ಮನೆಯೆಲ್ಲ ಬೊಬ್ಬೆ. ಕಾಕಾ ಓಡಿಬಂದು ಬಾಗಿಲು ಹಾಕಿಕೊಂಡು ನನಗೇನೋ ಕುಡಿಸಿದರು, ನಾನು ಬದುಕಿದೆ. ಏನು ಕುಡಿಸಿದರು ಎನ್ನುವುದನ್ನು ಮಾತ್ರ ಹೊರಗೆ ಹೇಳಕೂಡದೆಂದು ಅಜ್ಜಿ ದೇವರ ಜಗಲಿ ಮುಟ್ಟಿಸಿ ನಮ್ಮಿಂದ ಆಣೆ ಮಾಡಿಸಿಕೊಂಡಳು. ಆ ಆಣೆಯನ್ನು ಬಹಳ ವರ್ಷ ಕಾಪಾಡಿದೆ. ಅದು ಹೇಗೆ ಮುರಿಯಿತು ಅನ್ನುವುದೂ ಈ ಟವೆಲ್ಲಿನ ಕಥೆಯಲ್ಲೇ ಬರುತ್ತದೆ.

ಕಾಕಾ ವಕೀಲಿ ಬಿಟ್ಟ ಮೇಲೆ ತಮ್ಮ ಪುಸ್ತಕಗಳನ್ನೆಲ್ಲ ದಾನ ಮಾಡಿ ಒಂದು ಟ್ರಸ್ಟು ಕಟ್ಟಿದರು. ಹುಕ್ಕೇರಿಯಲ್ಲಿ ಒಂದು, ಗೋಕಾಕದಲ್ಲಿ ಒಂದು, ಮೂಡಲಗಿಯಲ್ಲಿ ಒಂದು, ಹೀಗೆ ಮೂರು ಊರಿಗೆ ಮೂರು ಕಾಯ್ದೆ ವಾಚನಾಲಯ. ಗೋಕಾಕದ್ದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ವಕೀಲರು ಬರುತ್ತಾರೆ, ಕಕ್ಷಿದಾರರು ಬರುತ್ತಾರೆ, ಬಿಸಿಲಿಗೆ ಬೇಸತ್ತವರು ಫ್ಯಾನಿನ ಕೆಳಗೆ ಕೂರಲು ಬರುತ್ತಾರೆ. ಎಲ್ಲ ಚೆಂದವಾಗಿತ್ತು. ಆಮೇಲೆ ಕಾಯ್ದೆ ಕಪಾಟಿನಿಂದ ಎದ್ದು ಆನ್‌ಲೈನಿಗೆ ಹೋಯಿತು.

ಹೋಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹೋದದ್ದು ಒಂದು ಕಡೆ ನಿಲ್ಲಬೇಕೋ ಬೇಡವೋ? ಸರಕಾರದ ಒಂದು ತಾಣದ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದೆ. ಮಸಿ ಆರುವುದರೊಳಗೆ ಅದು ವಿಳಾಸ ಬದಲಿಸಿತು. ಈಗ ಅದನ್ನು ಒತ್ತಿದರೆ "ನೀವು ಹುಡುಕುವ ಪುಟ ಸಿಗಲಿಲ್ಲ" ಅನ್ನುತ್ತದೆ. ಮನೆ ಖಾಲಿ ಮಾಡುವ ಬಾಡಿಗೆದಾರ ಕೂಡ ಪಕ್ಕದವರಿಗೆ ಒಂದು ಮಾತು ಹೇಳಿ ಹೋಗುತ್ತಾನೆ. ಇನ್ನೊಂದು ತಾಣ ನಾನು ಯಂತ್ರವಲ್ಲ ಎಂದು ರುಜುವಾತು ಕೇಳುತ್ತದೆ. ಸೊಟ್ಟಪಟ್ಟ ಅಕ್ಷರ ತೋರಿಸಿ ಓದು ಅನ್ನುತ್ತದೆ, ಓದಿದರೆ ತಪ್ಪು ಅನ್ನುತ್ತದೆ. ಮತ್ತೊಂದರಲ್ಲಿ ಆದೇಶಗಳನ್ನು ಅಡ್ಡಡ್ಡ ಮಲಗಿಸಿ ಹಾಕಿದ್ದಾರೆ, ಓದುವವರು ಕುತ್ತಿಗೆ ಹೊರಳಿಸಿಕೊಂಡು ಓದಬೇಕು. ಕನ್ನಡ ತೆರೆದರೆ ಅಕ್ಷರದ ಬದಲು ಚೌಕ ಚೌಕ ಡಬ್ಬಿಗಳು, ಮನೆ ಕಟ್ಟಲು ಇಟ್ಟಿಗೆ ತಂದಿಳಿಸಿದ ಹಾಗೆ.

ಈ ಗೋಳು ಬೇಡವೆಂದು ಟ್ರಸ್ಟಿನವರು ಒಂದು ಒಳ್ಳೆಯ ಕಂಪನಿಯ ಕಾಯ್ದೆ ಸಂಗ್ರಹಕ್ಕೆ ಚಂದಾ ಕಟ್ಟಿದರು. ಅದರಲ್ಲಿ ಎಲ್ಲ ತೀರ್ಪುಗಳೂ ಇವೆ, ಯಾವುದು ಬದುಕಿದೆ ಯಾವುದು ಸತ್ತಿದೆ ಎಂಬುದೂ ಇದೆ. ಅದು ಬಂದ ಖುಷಿಯಲ್ಲಿ ತೀರ್ಪಿನ ಪುಸ್ತಕ ಕೊಳ್ಳುವುದನ್ನು ನಿಲ್ಲಿಸಿದರು. ಹಾಗಾಗಿ ನಮ್ಮ ಕಪಾಟು ಒಂದು ಇಸವಿಗೆ ಬಂದು ನಿಂತುಬಿಟ್ಟಿದೆ. ಕಾಯ್ದೆ ಮುಂದಕ್ಕೆ ಹೋಗಿದೆ. ಕಪಾಟಿಗೆ ಆ ಸುದ್ದಿ ಗೊತ್ತಿಲ್ಲ. ರದ್ದಾದ ತೀರ್ಪುಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬಂಗಾರದಕ್ಷರದ ಬೆನ್ನು ತೋರಿಸುತ್ತ ಗಂಭೀರವಾಗಿ ನಿಂತಿದೆ. ತ್ಯಾಪಿ ಹಚ್ಚಲು ಅಜ್ಜನಿಲ್ಲ.

ಚಂದಾ ಒಂದೇ, ಊರು ಮೂರು. ಪಾಸ್‌ವರ್ಡೂ ಒಂದೇ, ಒಂದು ಹೊತ್ತಿಗೆ ಒಳಗೆ ಒಬ್ಬರೇ. ಗೋಕಾಕದವರು ಒಳಗಿದ್ದರೆ ಮೂಡಲಗಿಯವರು ಹೊರಗೆ, ಮೂಡಲಗಿಯವರಿದ್ದರೆ ಹುಕ್ಕೇರಿಯವರು ಹೊರಗೆ. ಮೊದಮೊದಲು ಫೋನ್ ಮಾಡಿ ಕೇಳಿಕೊಳ್ಳುತ್ತಿದ್ದೆವು: "ಬಸುಅಣ್ಣಾ, ಆತೇನ್ರಿ? ಹೊರಗ ಬರ್ರಿ." "ಬಂದ್ನಿ ತಡೀರಿ ಅಕ್ಕಾರ, ಒಂದ ಪ್ರಿಂಟ್ ಐತಿ." ಬಚ್ಚಲುಮನೆಯ ಬಾಗಿಲು ಬಡಿದ ಹಾಗೆ. ಬಸುಅಣ್ಣ ಮೂಡಲಗಿ ವಾಚನಾಲಯ ನೋಡಿಕೊಳ್ಳುವವನು, ಒಳ್ಳೆಯವನೇ. ಆದರೆ ಅವನೂ ಬಸ್ಸಿನಲ್ಲಿ ಓಡಾಡಿ ಬೆಳೆದವನು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಒಳಹೊಕ್ಕು, ಏನೂ ಓದದೆ ಹಾಗೇ ಕೂತಿರತೊಡಗಿದ. ಸೀಟು ಹಿಡಿಯುವುದು ಅವನ ರಕ್ತದಲ್ಲಿತ್ತು.

ಹೋದ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನದ ಹೊತ್ತು ಶಶಿಕಲಾ ವಕೀಲರು ಕರಿಕೋಟು ತೋಳಿನ ಮೇಲೆ ಹಾಕಿಕೊಂಡು ಓಡಿಬಂದರು. ಹಿಂದೆ ಕೌಜಲಗಿಯ ಯಲ್ಲವ್ವ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ.

ಯಲ್ಲವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಹೋಗುವವಳು. ಆ ಹೊಲದ ಬದುವಿನಾಚೆಗೇ ಅವಳ ಅಪ್ಪನ ಹೊಲ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಬಾವಿಯ ಬಾಜೂಕಿನ ಪಟ್ಟಿಯಾದರೂ ನನ್ನ ಪಾಲಿಗೆ ಬರಲಿ ಎಂದು ಅವಳು ಕೇಳಿದರೆ, ಅಣ್ಣಂದಿರು ವಾಟ್ನಿ, ಅಂದರೆ ಪಾಲುಹಂಚಿಕೆ, ಆಗಲೇ ಆಗಿಹೋಗಿದೆ, ಬೇವಿನ ಗಿಡದ ಕೆಳಗೆ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆಗಿದೆ ಅಂದರು. ಆ ಹಿರಿಯರಲ್ಲಿ ಒಬ್ಬರೂ ಈಗ ಭೂಮಿಯ ಮೇಲಿಲ್ಲ. ಸಾಲದ್ದಕ್ಕೆ ಅವತ್ತು ಎದುರು ವಕೀಲರು ನಮ್ಮದೇ ಕಪಾಟಿನಿಂದ ಒಯ್ದ ದಪ್ಪ ಪುಸ್ತಕ ತೆರೆದು, ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ತಿದ್ದುಪಡಿಗೆ ಮೊದಲೇ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಹಕ್ಕಿಲ್ಲ ಎಂಬ ಹಳೆಯ ತೀರ್ಪನ್ನು ಓದಿ ತೋರಿಸಿದ್ದರು. ಅದನ್ನು ಮೇಲಿನ ಕೋರ್ಟು ಯಾವತ್ತೋ ಬದಿಗೆ ಸರಿಸಿದೆ. ಮಗಳಿಗೆ ಹುಟ್ಟಿನಿಂದಲೇ ಪಾಲು, ಬಾಯಿಮಾತಿನ ವಾಟ್ನಿಯನ್ನು ಅಷ್ಟು ಸುಲಭಕ್ಕೆ ನಂಬಲಾಗದು ಎಂದೂ ಹೇಳಿದೆ. ಶಶಿಕಲಾ ವಕೀಲರಿಗೆ ಅದು ಗೊತ್ತು. ಅದನ್ನೇ ಹೇಳಿದರು. ಜಡ್ಜ್ ಸಾಹೇಬರು, ಊಟದ ಬಿಡುವಿನ ನಂತರ ಪೂರ್ತಿ ತೀರ್ಪು ತಂದು ತೋರಿಸಿ, ಇವತ್ತೇ ವಾದ ಮುಗಿಸುತ್ತೇನೆ ಅಂದಿದ್ದರು. ವಕೀಲರ ಮೊಬೈಲಿನಲ್ಲಿ ಯಾರೋ ಕಳಿಸಿದ ಪ್ರತಿ ಇತ್ತು. ಬಾಯಿಮಾತಿನ ವಾಟ್ನಿಯ ಪುಟಗಳೇ ಅದರಲ್ಲಿ ಮಾಯ.

ಕಂಪ್ಯೂಟರಿಗೆ ಕೂತೆ. ಪಾಸ್‌ವರ್ಡು ಒತ್ತಿದೆ. "ಇನ್ನೊಬ್ಬರು ಈಗಾಗಲೇ ಒಳಗಿದ್ದಾರೆ" ಎಂದಿತು. ಬಸುಅಣ್ಣನಿಗೆ ಫೋನ್ ಹಚ್ಚಿದೆ. ಹಿಂದೆ ತಟ್ಟೆ ಲೋಟದ ಸದ್ದು.

"ಬಸುಅಣ್ಣಾ, ಲಗೂನ ಹೊರಗ ಬರ್ರಿ. ಕೋರ್ಟ್ ಕೆಲಸ ಐತಿ."

"ಅಯ್ಯ ಅಕ್ಕಾರ, ನಾ ಮೂಡಲಗ್ಯಾಗ ಎಲ್ಲಿ ಅದೇನ್ರಿ? ನಿಡಸೋಸ್ಯಾಗ ಬೀಗರ ಮನ್ಯಾಗ ಊಟಕ್ಕ ಕುಂತೇನಿ. ಹೋಳಿಗಿ ಬಡಸಾಕತ್ತಾರ."

"ಮತ್ತ ಒಳಗ ಯಾರ ಅದಾರು?"

"ಯಾರೂ ಇಲ್ರಿ. ಬೀಗ ಹಾಕೇನಿ. ಕೀಲಿ ನನ್ನ ಕಿಸೇದಾಗ ಐತಿ."

"ಯಾರೂ ಇಲ್ಲಂದ್ರ ಅದು ತಾನ ಹೊರಗ ಹಾಕಬೇಕಲ್ಲ? ಸುಮ್ಮನ ಬಿಟ್ರ ಕಟ್ಟಾಗತೈತಿ."

ಅತ್ತಲಿಂದ ಬಹಳ ಮೆತ್ತಗೆ, "ಹಂಗ ಆಗಬಾರದು ಅಂತ ಕೀಬೋರ್ಡಿನ ಬಾಣದ ಗುಂಡಿ ಮ್ಯಾಲ ತಕ್ಕಡಿಕಲ್ಲ ಇಟ್ಟ ಬಂದೇನ್ರಿ," ಎಂದ.

ನಾನು ಹಣೆ ಹಣೆ ಬಡಿದುಕೊಂಡೆ. ಕಾಯ್ದೆಯ ಪುಟ ಮೂಡಲಗಿಯ ಬೀಗ ಹಾಕಿದ ಕೋಣೆಯಲ್ಲಿ ಯಾರ ಕಣ್ಣಿಗೂ ಬೀಳದೆ ತಾನೇ ಮೇಲಕ್ಕೆ ಮೇಲಕ್ಕೆ ಓಡುತ್ತಿದೆ. ಓದುತ್ತಿರುವುದು ಒಂದು ಕಬ್ಬಿಣದ ಕಲ್ಲು! "ಯಾರಿಗ್ಯಾರೆ ಹೇಳಿ ಮೇನ್ ಸ್ವಿಚ್ಚರ ತಗಸ್ರಿ," ಎಂದೆ. "ತಗದ್ರೂ ಹೋಗೂದಿಲ್ರಿ," ಎಂದ ಅವನು, ಈ ಸಲ ಹೆಮ್ಮೆಯಿಂದ, "ಮನ್ನೆ ಇನ್ವರ್ಟರ್ ಹಾಕಿಸೇವಿ."

ಯಲ್ಲವ್ವ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಏನಾತವಾ?" ಅಂದಳು. ನನಗೆ ಕಂಪ್ಯೂಟರಿನ ಭಾಷೆಯಲ್ಲಿ ಹೇಳುವ ತಾಳ್ಮೆ ಇರಲಿಲ್ಲ. "ಮೂಡಲಗ್ಯಾವ ಟಾವೆಲ್ ಹಾಕಿ ಊಟಕ್ಕ ಹೋಗ್ಯಾನ," ಅಂದೆ.

"ಹಂಗಾರ ನಮ್ಮ ಅಣ್ಣಗೋಳ ಪೈಕಿನ ಇರಬೇಕ ಬಿಡು," ಎಂದಳು ಯಲ್ಲವ್ವ. "ಅವರೂ ಹೊಲಾ ಉಳಾಂಗಿಲ್ಲ, ಉಳಾವ್ರಿಗೆ ಬಿಡಾಂಗಿಲ್ಲ. ಬರೇ ಟಾವೆಲ್ ಒಗದಾರ." ಆಮೇಲೆ ನಗು ನಿಲ್ಲಿಸಿ ಶಶಿಕಲಾ ವಕೀಲರ ಮುಖ ನೋಡಿ ಮೆಲ್ಲಗೆ ಕೇಳಿದಳು: "ಬಾಯವ್ರ, ಕಾಗದ ಸಿಗಲಿಲ್ಲಂದ್ರ ಬಾವಿ ಪಟ್ಟಿ ಹೋದಂಗನ ಏನ್ರಿ?" ವಕೀಲರು ಗಡಿಯಾರ ನೋಡಿದರು.

ಉಳಿದ ಹಾದಿ ಒಂದೇ. ಪಾಸ್‌ವರ್ಡು ಮರೆತಿದೆ ಎಂದು ಹೇಳಿ ಹೊಸದು ಮಾಡಿದರೆ ಒಳಗಿದ್ದವರೆಲ್ಲ ಹೊರಗೆ ಬೀಳುತ್ತಾರೆ, ತಕ್ಕಡಿಕಲ್ಲೂ ಸಹ. ಆದರೆ ಅದಕ್ಕೆ ಓಟಿಪಿ ಬೇಕು. ಅದು ಹೋಗುವುದು ಟ್ರಸ್ಟಿನ ಅಧ್ಯಕ್ಷರ ಮೊಬೈಲಿಗೆ. ಅಧ್ಯಕ್ಷರೆಂದರೆ ಹುಕ್ಕೇರಿಯ ಗುರಸಿದ್ದಪ್ಪ ಕಾಕಾ. ವಯಸ್ಸು ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಅನುಮಾನ ಮಾತ್ರ ಬಹಳ ಚುರುಕು.

ಗುಂಡಿ ಒತ್ತಿ ಫೋನ್ ಮಾಡಿದೆ. "ಕಾಕಾ, ನಾನ್ರಿ ಸುಮಿ. ನಿಮ್ಮ ಮೊಬೈಲಿಗೆ ಒಂದ ನಂಬರ್ ಬಂದೈತಿ, ಹೇಳ್ರಿ."

"ಬಂದೈತಿ. ಹೇಳಂಗಿಲ್ಲ."

"ಯಾಕ್ರೀ?"

"ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವರು ಬಾಯಿಪಾಠ ಮಾಡಿಸ್ಯಾರ. ಮನ್ನೆ ಒಬ್ಬಾಕಿ ಹಿಂಗ ನಿನ್ನಂಗ ಸಿಹಿ ಸಿಹಿ ಮಾತಾಡಿ ಕೇಳಿದ್ಲು. ಬೈದ ಇಟ್ಟೇನಿ."

"ಕಾಕಾ, ನಾ ನಿಮ್ಮ ಕಾರಕೂನನ ಮೊಮ್ಮಗಳ್ರಿ. ಧ್ವನಿ ಗುರ್ತ ಸಿಗೂದಿಲ್ಲೇನ್ರಿ?"

"ಧ್ವನೀನೂ ಈಗ ಕಂಪ್ಯೂಟರ್ ಮಾಡತೈತಂತ, ಪೇಪರಿನ್ಯಾಗ ಓದೇನಿ."

ಮಾತು ಮುಗಿಯುವುದರೊಳಗೆ ಆ ಓಟಿಪಿಯ ಆಯುಷ್ಯ ಮುಗಿಯಿತು. ಎರಡನೆಯದು ಕಳಿಸಿದೆ. ಕಾಕಾ ಗಂಟಲು ಸರಿಮಾಡಿಕೊಂಡರು. ಪಾಟೀಸವಾಲಿಗೆ ಎದ್ದು ನಿಂತವರ ಗಂಟಲು ಅದು, ನನಗೆ ಗೊತ್ತು.

"ನಿಮ್ಮಜ್ಜ ಸರಿಯೊಳಗ ಏನ ಹಾಕತಿದ್ದ?"

"ಮೈಲುತುತ್ತ್ರಿ ಕಾಕಾ! ಲಗೂನ ಹೇಳ್ರಿ!"

"ತಡಿ. ಅದು ಊರಾಗ ಎಲ್ಲಾರಿಗೂ ಗೊತ್ತೈತಿ. ಸುಮಿ ಅದನ್ನ ನೆಕ್ಕಿದಾಗ ನಾ ಏನ ಕುಡಿಸಿದ್ನಿ?"

ನಾನು ಸುತ್ತ ನೋಡಿದೆ. ವಾಚನಾಲಯದಲ್ಲಿ ಅಷ್ಟೂ ಮೇಜು ತುಂಬಿದ್ದವು. ಅದರಲ್ಲಿ ಅರ್ಧ ಜನ ನಮ್ಮ ಬೀಗರು ಬಿಜ್ಜರು, ಹಣೆಗೆ ವಿಭೂತಿ ಹಚ್ಚಿಕೊಂಡವರು. ದೇವರ ಜಗಲಿ ಕಣ್ಣ ಮುಂದೆ ಬಂತು, ಅಜ್ಜಿ ಬಂದಳು. ಇತ್ತ ಬಾಗಿಲಲ್ಲಿ ಯಲ್ಲವ್ವ ಎದ್ದು ನಿಂತಿದ್ದಳು. ಎರಡನೆಯ ಓಟಿಪಿಯೂ ಕೊನೆಯುಸಿರು ಎಳೆಯುತ್ತಿತ್ತು. ನಾನು ಪಿಸುಗುಟ್ಟಿದೆ.

"ಏನಂದಿ? ಕೇಳಸೂದಿಲ್ಲ. ಜೋರಾಗಿ ಹೇಳು."

"ತತ್ತಿ!" ಎಂದು ಕೂಗಿದೆ. "ಹಸೀ ತತ್ತಿ ಕುಡಿಸಿದ್ರಿ, ಕಾಕಾ! ಬಾಜೂ ಮನಿಯಿಂದ ತಂದು ಧೋತರದಾಗ ಮುಚ್ಚಿಕೊಂಡು ಬಂದಿದ್ರಿ!"

ಮೊಟ್ಟೆಯ ಹೆಸರು ಕೇಳಿ, ಪುಟ ತಿರುವುತ್ತಿದ್ದವರ ಕೈಗಳೆಲ್ಲ ಪುಟದ ಮೇಲೇ ನಿಂತವು. ಫೋನಿನಲ್ಲಿ ಕಾಕಾ ಕೆಮ್ಮಿ ಕೆಮ್ಮಿ ನಕ್ಕರು. "ಖರೆ. ನೀನ ಸುಮಿ. ಬರ್ಕೋ," ಎಂದು ಒಂದೊಂದೇ ಅಂಕಿ ಬಿಡಿಸಿ ಹೇಳಿದರು.

ಒಳಹೊಕ್ಕೆ. ತೀರ್ಪು ಸಿಕ್ಕಿತು. ನಮ್ಮ ಪ್ರಿಂಟರು ಹೆರಿಗೆ ನೋವಿನವರ ಹಾಗೆ ನರಳುತ್ತ ಒಂದೊಂದೇ ಹಾಳೆ ಹಾಕಿತು. ಬಾಯಿಮಾತಿನ ವಾಟ್ನಿಯ ಪುಟಗಳು ಬಂದದ್ದೇ ತಡ, ಶಶಿಕಲಾ ವಕೀಲರು ಬಿಸಿ ಹಾಳೆಗಳನ್ನು ಎದೆಗವಚಿಕೊಂಡು ಓಡಿದರು. ಯಲ್ಲವ್ವ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದಳು. ಸಂಜೆ, ನಿಡಸೋಸಿಯಿಂದ ಮೂಡಲಗಿಗೆ ಮರಳಿದ ಬಸುಅಣ್ಣನ ಫೋನು ಬಂತು: "ಅಕ್ಕಾರ, ಯಾರ್ರೀ ನನ್ನ ಹೊರಗ ಹಾಕಿದವ್ರು?" "ಕಂಡಕ್ಟರ್ ಅಂತ ತಿಳ್ಕೋರಿ," ಎಂದೆ, "ಬಸ್ ಬಿಟ್ಟ ಭಾಳ ಹೊತ್ತಾತು."

ಇಷ್ಟಾದ ಮೇಲಾದರೂ ಸುಧಾರಿಸಿತೇ ಅಂತ ಕೇಳಬೇಡಿ. ಹೊಸ ಪಾಸ್‌ವರ್ಡು ಮರುದಿನದ ಚಹಾದ ಹೊತ್ತಿಗೆ ಮೂರೂ ಊರಿಗೆ ತಿಳಿದಿತ್ತು. ತಕ್ಕಡಿಕಲ್ಲಿನ ಉಪಾಯವನ್ನು ಬಸುಅಣ್ಣ ಹುಕ್ಕೇರಿಯವರಿಗೂ ಕಲಿಸಿದ. ಅವರು ಅದನ್ನು ಇನ್ನೂ ಸುಧಾರಿಸಿ ಅಂಟುಪಟ್ಟಿ ಹಚ್ಚಿದ್ದಾರೆ. ನನ್ನನ್ನು ಕಂಡರೆ ಕೆಲವು ಹಿರಿಯ ವಕೀಲರು "ಏನ ಸುಮಕ್ಕಾ, ನಾಷ್ಟಾಕ್ಕ ಏನ ಇವತ್ತ?" ಎಂದು ಕೇಳಿ ಮೀಸೆಯಲ್ಲಿ ನಗುತ್ತಾರೆ. ನಾನೂ ಸುಮ್ಮನಿರದೆ ಹಳೆಯ ಪುಸ್ತಕ ತೆಗೆದು, ಸತ್ತುಹೋದ ತೀರ್ಪುಗಳ ಮೇಲೆ ಚೀಟಿ ಅಂಟಿಸಲು ಶುರುಮಾಡಿದೆ: "ಇದು ಈಗ ನಡೆಯುವುದಿಲ್ಲ, ಕಂಪ್ಯೂಟರಿನಲ್ಲಿ ನೋಡಿರಿ." ಅದನ್ನು ಓದಿದವರು ಕಂಪ್ಯೂಟರಿನ ಹತ್ತಿರ ಬರುತ್ತಾರೆ. ಕಂಪ್ಯೂಟರು "ಇನ್ನೊಬ್ಬರು ಒಳಗಿದ್ದಾರೆ" ಅನ್ನುತ್ತದೆ. ಅವರು ತಿರುಗಿ ನನ್ನ ಮುಖ ನೋಡುತ್ತಾರೆ. ನಾನು ಫ್ಯಾನು ನೋಡುತ್ತೇನೆ.

ಮತ್ತು ಈಗ ಇದು, ಈ ಕೆಂಪಂಚಿನದು. ಆನ್‌ಲೈನಿನ ಟವೆಲ್ ಸಾಲದು ಎಂದು ಅಸಲೀ ಟವೆಲ್ಲನ್ನೇ ತಂದು ಹಾಕಿದ್ದಾರೆ! ಇದನ್ನು ಎತ್ತಿ ಬಾವಿಗೆ ಒಗೆಯಲೋ, ನೆಲ ಒರೆಸಲೋ ಎಂದು ಯೋಚಿಸುತ್ತ ನಿಂತಿದ್ದಾಗ ಯಲ್ಲವ್ವ ಒಳಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಕೈಯಲ್ಲಿ ಸೌತೆಕಾಯಿಯ ಚೀಲ. ಕೋರ್ಟಿನ ತೀರ್ಪು ಕಡೆಗೂ ಹೋದ ವಾರ ಬಂದಿತ್ತು, ಅವಳ ಪಾಲು ಅವಳಿಗೆ. ಅದರ ನಕಲು ಇಸಿದುಕೊಳ್ಳಲು ಬಂದವಳಿಗೆ ಕಚೇರಿಯವರು ಸ್ವಲ್ಪ ಹೊತ್ತು ಕಾಯಿರಿ ಅಂದಿದ್ದರಂತೆ.

"ಬಾ ಯಲ್ಲವ್ವಾ, ಕುಂದ್ರು," ಎಂದು ಬಾಯಿತಪ್ಪಿ ಅಂದೆನೇ ಹೊರತು ಉಳಿದ ಕುರ್ಚಿಗಳ ಮೇಲೆಲ್ಲ ಚೀಟಿ ಅಂಟಿಸಿ ಆರಲು ಇಟ್ಟ ಪುಸ್ತಕಗಳಿದ್ದವು. ಅವಳು ಆಚೀಚೆ ನೋಡಿ ಸೀದಾ ಕಂಪ್ಯೂಟರಿನ ಕುರ್ಚಿಯ ಹತ್ತಿರ ಹೋದಳು.

"ಅಲ್ಲಿ ಯಾರದೋ ಟಾವೆಲ್ ಐತೆಲ್ಲಬೇ," ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಯಲ್ಲವ್ವ ಟವೆಲ್ಲನ್ನು ಎತ್ತಿ, ಝಾಡಿಸಿ, ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಿಚಿ ಮೇಜಿನ ಮೇಲಿಟ್ಟಳು. ಆಮೇಲೆ ಕುರ್ಚಿಯಲ್ಲಿ ಒರಗಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದಳು.

"ಟಾವೆಲ್ ಇರಲಿ ಬಿಡವಾ," ಅಂದಳು. "ನಾ ಕುಂತೇನೆಲ್ಲ."